ಖಾಲಿ ರಸ್ತೆಯ ರೇಸು

ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನದಿಂದ ಕೇಳುತ್ತಿದ್ದೇನೆ. ನೆಂಟರು ಬಂದರೆ ಅದೇ ಕಥೆ, ಕರೆಂಟು ಹೋದರೆ ಅದೇ ಕಥೆ, ಮಗಳು ಓದುತ್ತಿದ್ದಾಗ ಮಾರ್ಕ್ಸು ಕಡಿಮೆ ಬಂದರೆ ಬುದ್ಧಿ ಹೇಳಲಿಕ್ಕೂ ಅದೇ ಕಥೆ. ನಮ್ಮವರು ಹುಡುಗರಾಗಿದ್ದಾಗ ತಮ್ಮ ದೊಡ್ಡಪ್ಪನ ಮಗನ ಜೊತೆ ನೀರಿನ ಟ್ಯಾಂಕಿನ ದಿಬ್ಬದ ತುದಿಯವರೆಗೆ ಸೈಕಲ್ ರೇಸು ಕಟ್ಟಿ ಗೆದ್ದ ಕಥೆ.

"ಬೆಳಗಿನ ಹೊತ್ತು. ರಸ್ತೆ ಖಾಲಿ. ನಾನು, ಅವನು, ಎರಡು ರೇಸಿಂಗ್ ಸೈಕಲ್ಲು, ಅಷ್ಟೇ," ಎಂದು ಶುರು ಮಾಡುತ್ತಾರೆ.

ಆ 'ಅಷ್ಟೇ' ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ರಸ್ತೆ ಖಾಲಿ ಇರಲಿಲ್ಲ. ನಾನಿದ್ದೆ.

ನಮ್ಮ ತಂದೆಯದು ಲಾಂಡ್ರಿ ಅಂಗಡಿ. ದಿಬ್ಬದ ಮೇಲಿನ ಆಸ್ಪತ್ರೆಯ ಹಾಸು, ದಿಂಬಿನ ಕವರುಗಳೆಲ್ಲ ನಮ್ಮಲ್ಲೇ ಒಗೆದು ಇಸ್ತ್ರಿಯಾಗುತ್ತಿದ್ದವು. ಶಾಲೆಗೆ ಹೋಗುವ ಮುಂಚೆ ಅವನ್ನು ತಲುಪಿಸುವುದು ನನ್ನ ಕೆಲಸ. ಹ್ಯಾಂಡಲ್ ಮುಂದೆ ಒಂದು ಬುಟ್ಟಿ, ಹಿಂದೆ ಕ್ಯಾರಿಯರಿಗೆ ಬಿಗಿದ ಗಂಟು, ನಡುವೆ ನಾನು. ಅವತ್ತು ಎತ್ತರದ ಗೋಡೆಯ ಪಕ್ಕದ ತಿರುವಿನಲ್ಲಿ ಆ ಇಬ್ಬರು ರೇಸಿಂಗ್ ವೀರರನ್ನು ಹಿಂದೆ ಹಾಕಿ ನಾನು ಮೇಲೆ ಹೋದೆ. ಕಿವಿಯಲ್ಲಿ ಗಾಳಿ ಗುಂಯ್‌ಗುಟ್ಟಿದ್ದು ಇವತ್ತಿಗೂ ನೆನಪಿದೆ. ಸಂಜೆ ಅಂಗಡಿಯಲ್ಲಿ ಬೈಗುಳ ತಿಂದದ್ದೂ ನೆನಪಿದೆ. ಒಂದು ದಿಂಬಿನ ಕವರಿನ ಮೇಲೆ ಕರಿ ಮಸಿ ಮೆತ್ತಿದೆ ಎಂದು ಆಸ್ಪತ್ರೆಯವರು ವಾಪಸು ಕಳಿಸಿದ್ದರು. ನಾಲ್ಕು ಬೆರಳು, ಒಂದು ಹೆಬ್ಬೆರಳು, ಅಚ್ಚೊತ್ತಿದ ಹಾಗೆ. ಚೈನು ಮುಟ್ಟಿದ ಕೈಯಲ್ಲಿ ಬಟ್ಟೆ ಮುಟ್ಟುತ್ತೀಯಾ ಎಂದು ಅಪ್ಪ ಕೂಗಾಡಿದರು. ನಾನು ಚೈನು ಮುಟ್ಟಿದ ನೆನಪು ನನಗೇ ಇರಲಿಲ್ಲ. ಆದರೂ ಮುಟ್ಟಿರಬೇಕು ಎಂದುಕೊಂಡು ಸುಮ್ಮನಾದೆ.

ಇದನ್ನು ಗಂಡನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಹೊಸ ಸೊಸೆಯಾಗಿದ್ದಾಗ ಬಾಯಿ ಇರಲಿಲ್ಲ. ಬಾಯಿ ಬಂದ ಮೇಲೆ ಹಟ ಬಂತು. ನಾನಾಗಿ ಹೇಳಿದರೆ ಅದು ಇನ್ನೊಂದು ಜಗಳ, ಅಷ್ಟೇ. ಅವರಾಗಿ ಒಂದು ದಿನ ಕಥೆಯ ನಡುವೆ ನಿಲ್ಲಿಸಿ, "ತಡಿ, ಅಲ್ಲೊಬ್ಬಳು ಹುಡುಗಿ ಇದ್ದಳಲ್ಲ" ಅನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಅವರದು ಕನ್ನಡಕದ ಅಂಗಡಿ. ಊರಿನವರ ಕಣ್ಣು ಪರೀಕ್ಷೆ ಮಾಡಿ ನಂಬರು ಕೊಡುವ ಮನುಷ್ಯ. ಬಟ್ಟೆಯ ಗಂಟು ಹೊತ್ತ ಸೈಕಲ್ಲು, ಅದರ ಮೇಲೊಂದು ಜೀವ, ಕೈಗೆಟುಕುವಷ್ಟು ಹತ್ತಿರ ಹಾದುಹೋದದ್ದು ಆ ಕಣ್ಣಿಗೆ ಬಿದ್ದಿಲ್ಲ ಅನ್ನುವುದು ನನಗೆ ನಿಜವಾಗಿ ನೋವು. ನಗುತ್ತಾ ಹೇಳುತ್ತಿದ್ದೇನೆ, ಆದರೂ ನೋವು.

ಇನ್ನು ಆ ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ. ಕೋರ್ಟಿನಲ್ಲಿ ವಕೀಲರು. ಬಾಯಿ ತೆರೆದರೆ "ಒಂದು ಪಾಯಿಂಟು" ಎಂದೇ ತೆರೆಯುವುದರಿಂದ ನೆಂಟರಿಷ್ಟರಲ್ಲೆಲ್ಲ ಅವರಿಗೆ ಪಾಯಿಂಟು ಎಂದೇ ಹೆಸರು. ಅವರ ಮನೆಯಲ್ಲೂ ಇದೇ ಕಥೆ ಓಡುತ್ತದೆ. ಬೆಳಗಿನ ಹೊತ್ತು, ಖಾಲಿ ರಸ್ತೆ, ಎರಡು ರೇಸಿಂಗ್ ಸೈಕಲ್ಲು, ಅಕ್ಷರ ಅತ್ತಿತ್ತ ಆಗುವುದಿಲ್ಲ. ಕೊನೆಗೆ ಗೆಲ್ಲುವುದು ಮಾತ್ರ ಅವರು. ಆ ಮನೆಯ ಮಕ್ಕಳು ಅದನ್ನೇ ನಂಬಿ ಬೆಳೆದಿದ್ದಾರೆ, ನಮ್ಮ ಮಗಳು ಇದನ್ನು. ಮದುವೆ ಮನೆಯಲ್ಲಿ ಎರಡು ಕಡೆಯವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರೆ ನಾನು ನೀರಿನ ಜಗ್ಗು ಹಿಡಿದು ಬೇರೆ ಸಾಲಿಗೆ ಹೋಗಿಬಿಡುತ್ತೇನೆ.

ಮಾತಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಐವತ್ತು ದಾಟಿದ ಮೇಲೆ ನಮ್ಮವರಿಗೆ ಆ ಸೈಕಲ್ಲಿನ ಹುಚ್ಚು ತಲೆಗೇರಿತು.

ಅದೆಂಥ ಸೈಕಲ್ಲು ಎಂದು ಹೇಳಲೇಬೇಕು. ನಿಜವಾದ ರೇಸಿಂಗ್ ಸೈಕಲ್ಲು ಆಗ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಹಾಗೆಂದು ಹುಡುಗರ ಆಸೆ ಕೇಳುತ್ತದೆಯೇ? ಅದಕ್ಕೇ ತಯಾರಿಸುವವರು ಒಂದು ಉಪಾಯ ಮಾಡಿದ್ದರು. ಹಾಲಿನವರ ಸೈಕಲ್ಲಿಗೆ ಹಾಕುವ ಪೈಪನ್ನೇ ಬೆಸೆದು, ಹ್ಯಾಂಡಲ್ಲನ್ನು ಟಗರಿನ ಕೊಂಬಿನ ಹಾಗೆ ಬಗ್ಗಿಸಿ, ಮಡ್‌ಗಾರ್ಡು ಕಿತ್ತುಹಾಕಿ, ಪಕ್ಕಕ್ಕೊಂದು ಮಿಂಚಿನ ಸ್ಟಿಕ್ಕರ್ ಅಂಟಿಸಿದರೆ ಅದು ರೇಸಿಂಗ್ ಸೈಕಲ್ಲು. ಎತ್ತಲು ಇಬ್ಬರು ಬೇಕು. ಮಳೆ ಬಂದರೆ ಬ್ರೇಕು ಹಿಡಿಯದು, ಬರದಿದ್ದರೆ ಹಿಡಿದು ಕಿರುಚುತ್ತದೆ. ಗೇರು ಬದಲಾಯಿಸುವ ಕಡ್ಡಿ ಇರುವುದು ಕೆಳಗಿನ ಪೈಪಿನ ಮೇಲೆ. ಅದಕ್ಕೆ ಕೈ ಹಾಕಬೇಕೆಂದರೆ ಓಡುವ ಸೈಕಲ್ಲಿನ ಮೇಲೆ ಬಗ್ಗಿ ನಮಸ್ಕಾರ ಮಾಡಬೇಕು.

ನಮ್ಮವರ ಸೈಕಲ್ಲು ಎಂದೋ ಗುಜರಿಗೆ ಹೋಗಿತ್ತು. ಅಂಥದ್ದೇ ಇನ್ನೊಂದಕ್ಕಾಗಿ ಫೋನಿನಲ್ಲಿ ಕಣ್ಣು ನೆಟ್ಟು ಹುಡುಕಿದರು. ಕೊನೆಗೆ ಊರಾಚೆ ಯಾರೋ ಬ್ಯಾಂಡ್ ಮೇಷ್ಟರ ಮನೆಯ ಮೆಟ್ಟಿಲ ಕೆಳಗೆ ಒಂದು ಸಿಕ್ಕಿತು. ಮನೆಗೆ ತಂದು ಹಜಾರದಲ್ಲಿ ನಿಲ್ಲಿಸಿ, ಇದು ಅಂಥದ್ದಲ್ಲ, ಅದೇ ಎಂದು ಘೋಷಿಸಿದರು. ಸೀಟಿನ ಕೆಳಗಿನ ಗೀರಿನಿಂದ ಗುರುತು ಸಿಕ್ಕಿತಂತೆ. ಗೀರಿಲ್ಲದ ಹಳೆ ಸೈಕಲ್ಲು ಈ ಲೋಕದಲ್ಲಿ ಎಲ್ಲಿದೆ ಎಂದು ಕೇಳಿದೆ. ಕನ್ನಡಕ ಒರೆಸುವ ಬಟ್ಟೆಯಿಂದ ಅದರ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಾ ಕೂತಿದ್ದರು. ಇಂಥವರದೇ ಒಂದು ಬಳಗ ಬೇರೆ ಇದೆ. ಭಾನುವಾರ ಬೆಳಗ್ಗೆ ತಮ್ಮ ತಮ್ಮ ಹಳೆ ಸೈಕಲ್ಲುಗಳನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದು ಮೈದಾನದಲ್ಲಿ ಇಳಿಸಿ, ಸುತ್ತ ನಿಂತು ಟೀ ಕುಡಿದು, ಮತ್ತೆ ಕಾರಿನ ಮೇಲೆ ಕಟ್ಟಿಕೊಂಡು ಹೋಗುತ್ತಾರೆ. ಒಬ್ಬರೂ ಹತ್ತಿ ಓಡಿಸಿದ್ದನ್ನು ನಾನು ಕಂಡಿಲ್ಲ.

ಒಂದು ದಿನ ಭಾವ ಮನೆಗೆ ಬಂದರು. ಹಜಾರದಲ್ಲಿ ಸೈಕಲ್ಲು ಕಂಡು ಅವರ ಮುಖ ಒಂದು ಕ್ಷಣ ಹುಡುಗನದಾಯಿತು, ಮರುಕ್ಷಣ ವಕೀಲನದು. ಅವರದು ಇನ್ನೂ ಅಟ್ಟದ ಮೇಲೆ ಹಾಗೇ ಇದೆಯಂತೆ. ಮಾತಿಗೆ ಮಾತು ಬೆಳೆಯಿತು. ಕನ್ನಡಕದವರು ತಾನೇ ಗೆದ್ದದ್ದು ಅಂದರು, ಪಾಯಿಂಟಿನವರು ತಾನೇ ಅಂದರು. ನಮ್ಮತ್ತೆ ಒಳಗಿಂದ ಕೋಲೂರಿಕೊಂಡು ಬಂದು ಇಬ್ಬರ ಮುಖವನ್ನೂ ನೋಡಿದರು.

"ಇಬ್ಬರೂ ಗೆದ್ದಿರೋ ರೇಸನ್ನ ನಾನು ಇದೊಂದೇ ಕಂಡಿರೋದು," ಅಂದರು. "ಇನ್ನೊಂದ್ಸಲ ಓಡಿಸಿ ತೋರಿಸಿ. ನಾನು ಹೋಗೋದ್ರೊಳಗೆ ಗೊತ್ತಾಗ್ಲಿ."

ಹಿರಿಯರು ಸಾವಿನ ಮಾತು ಎತ್ತಿದರೆ ಯಾರು ಇಲ್ಲವೆನ್ನುತ್ತಾರೆ? ಮುಂದಿನ ಭಾನುವಾರಕ್ಕೆ ನಿಶ್ಚಯವಾಯಿತು. ಮಗಳು ದಿಬ್ಬದ ತುದಿಯಲ್ಲಿ ಸೀಟಿ ಹಿಡಿದು ನಿಲ್ಲುವುದು, ಅತ್ತೆ ಅವಳ ಪಕ್ಕ ಕುರ್ಚಿಯಲ್ಲಿ ಕೂತು ತೀರ್ಪು ಕೊಡುವುದು. ನನಗೂ ಒಂದು ಕೆಲಸ ಸಿಕ್ಕಿತು: ತರಕಾರಿಗೆ ಹೋಗುವ ನನ್ನ ಸೈಕಲ್ಲಿನ ಬುಟ್ಟಿಯಲ್ಲಿ ನೀರು, ಮುಲಾಮು, ಟವೆಲ್ಲು ಇಟ್ಟುಕೊಂಡು ವೀರರ ಹಿಂದೆ ಬರುವುದು. ಮಗಳು ಫಿಸಿಯೋಥೆರಪಿ ಮಾಡುವವಳು. ಮುಲಾಮು ಅವಳ ಪಾಲಿನ ಕಾಣಿಕೆ.

ನಾನು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದೆ. ಯಾರಾದರೂ ಗೆಲ್ಲಲಿ. ಅತ್ತೆ ತೀರ್ಪು ಕೊಡುವ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಅವತ್ತು ಮೊದಲು ತುದಿ ಮುಟ್ಟಿದ್ದು ಇವರಿಬ್ಬರೂ ಅಲ್ಲ, ನಾನು ಎಂದು. ಕಾದದ್ದು ಸಾಕು. ಮನುಷ್ಯರು ತಾವಾಗಿ ನೆನೆಯುವುದಿಲ್ಲ, ನೆನಪಿಸಬೇಕು. ಆ ವಾರವೆಲ್ಲ ಪಾತ್ರೆ ತೊಳೆಯುವಾಗ ಆ ಮಾತನ್ನು ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಹಿಂದಿನ ಸಂಜೆ ನಮ್ಮವರು ಮನೆಮಂದಿಗೆಲ್ಲ ಪಾಠ ಮಾಡಿದರು. ಈ ಜಾತಿಯ ಸೈಕಲ್ಲಿನ ಗುಟ್ಟೇ ಗೇರಂತೆ. ಏರಿನಲ್ಲಿ ಪೆಡಲ್ಲನ್ನು ಒತ್ತಿಕೊಂಡೇ ಕಡ್ಡಿ ಎಳೆದರೆ ಚೈನು ಹಾರಿ ಫ್ರೇಮಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ದೇವರೇ ಗತಿ. ಒತ್ತುವುದನ್ನು ಒಂದು ಕ್ಷಣ ಬಿಟ್ಟು, ಹಗುರವಾಗಿ ತುಳಿಯುತ್ತಾ ಎಳೆಯಬೇಕು. ಗೊತ್ತಿಲ್ಲದವರು ಅಲ್ಲೇ ಸೋಲುತ್ತಾರೆ ಎಂದು ಬೆರಳೆತ್ತಿ ಹೇಳಿದರು. ಫೋನಿನಲ್ಲಿ ಭಾವನೂ ತಮ್ಮ ಮಕ್ಕಳಿಗೆ ಅದೇ ಪಾಠ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಭಾನುವಾರ ಬೆಳಗ್ಗೆ ಇಬ್ಬರೂ ದಿಬ್ಬದ ಬುಡದಲ್ಲಿ ನಿಂತರು. ಬಿಗಿಯಾದ ಬನಿಯನ್ನು, ಹೊಟ್ಟೆಯ ಮೇಲೆ ಬೆಲ್ಟು, ಬಗ್ಗಿದ ಹ್ಯಾಂಡಲ್ಲಿಗೆ ಬಗ್ಗಲೊಲ್ಲದ ಬೆನ್ನು. ನಾನು ಒಂದು, ಎರಡು, ಮೂರು ಎಂದೆ. ಹೊರಟರು. ಹೇಳಬಾರದು, ಆದರೂ ಹೇಳುತ್ತೇನೆ: ಮೊದಲ ನೂರು ಗಜ ಇಬ್ಬರೂ ಚೆನ್ನಾಗಿ ಓಡಿಸಿದರು. ಟೈರು ಸುಯ್ಯೆಂದಿತು, ಬೋಳು ತಲೆ ಎರಡೂ ಬಿಸಿಲಿಗೆ ಹೊಳೆದವು. ಆಮೇಲೆ ರಸ್ತೆ ಏರತೊಡಗಿತು, ಅವರು ಕಣ್ಮರೆಯಾದರು.

ನಾನು ನಿಧಾನಕ್ಕೆ ಹೊರಟೆ. ತಿರುವಿಗಿಂತ ಕೊಂಚ ಕೆಳಗೇ ಸೈಕಲ್ಲಿನಿಂದ ಇಳಿದು ತಳ್ಳತೊಡಗಿದೆ. ಬುಟ್ಟಿಯಲ್ಲಿ ನೀರಿನ ಭಾರವಿತ್ತು, ಬೇರೇನಲ್ಲ.

ತಿರುವು ದಾಟಿದರೆ ಎತ್ತರದ ಗೋಡೆಗೆ ಒರಗಿಕೊಂಡು ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಸೈಕಲ್ಲುಗಳು ಚಕ್ರ ಮೇಲೆ ಮಾಡಿ ಮಲಗಿದ್ದವು. ಎರಡರ ಚೈನೂ ಹಾರಿ ಸಂದಿಗೆ ಸಿಕ್ಕಿಕೊಂಡಿತ್ತು. ಏರು ಕಡಿದಾದ ಜಾಗದಲ್ಲಿ ಭಾವ ಗೇರಿಗೆ ಕೈ ಹಾಕಿದ್ದು ಕಂಡು, ಇವನು ಮುಂದೆ ಹೋಗಿಬಿಟ್ಟಾನು ಎಂದು ನಮ್ಮವರೂ ಹಾಕಿದ್ದರು. ಇಬ್ಬರೂ ಜೀವ ಬಿಟ್ಟು ಒತ್ತುತ್ತಲೇ ಎಳೆದಿದ್ದರು. ಹಿಂದಿನ ಸಂಜೆಯ ಪಾಠ ಹಿಂದಿನ ಸಂಜೆಯಲ್ಲೇ ಉಳಿದಿತ್ತು.

ನಮ್ಮವರು ಎದ್ದು ಬಂದರು. ನನ್ನ ಮುಖ ನೋಡದೆ ಬುಟ್ಟಿಗೆ ಕೈ ಹಾಕಿ ಮೇಲಿದ್ದ ಟವೆಲ್ಲನ್ನು ಎಳೆದು, ಕೈ ಒರೆಸಿ, ಕೊನೆಗೆ ಹೆಬ್ಬೆರಳನ್ನು ಒತ್ತಿ ಒರೆಸಿ, ಮಡಿಸಿ ವಾಪಸು ಇಟ್ಟರು. ನಾನು ಇಸ್ತ್ರಿ ಮಾಡಿ ತಂದ ಬಿಳಿ ಟವೆಲ್ಲು. ಲಾಂಡ್ರಿಯವರ ಮಗಳು, ಇಸ್ತ್ರಿಯಿಲ್ಲದೆ ಬಟ್ಟೆ ಬೀದಿಗೆ ತರುವವಳಲ್ಲ. ಬಿಡಿಸಿ ನೋಡಿದೆ. ನಾಲ್ಕು ಬೆರಳು, ಒಂದು ಹೆಬ್ಬೆರಳು.

ಅಪ್ಪನ ಅಂಗಡಿ, ಇಸ್ತ್ರಿ ಮೇಜು, ಅದರ ಮೇಲೆ ಹರವಿದ ದಿಂಬಿನ ಕವರು, ಎಲ್ಲ ಕಣ್ಣ ಮುಂದೆ ಬಂದವು.

"ದಿಂಬಿನ ಕವರು," ಅಂದೆ. ಬಾಯಿಪಾಠ ಮಾಡಿದ್ದ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

ನಮ್ಮವರು ತಲೆ ತಗ್ಗಿಸಿದರು. "ಈಗ ಯಾಕೆ ಎತ್ತುತ್ತೀಯ ಅದನ್ನ? ಇಷ್ಟು ವರ್ಷ ನೀನು ಗೊತ್ತಿದ್ದೂ ಹೊಟ್ಟೇಲಿ ಹಾಕ್ಕೊಂಡಿದ್ದೆ. ದೊಡ್ಡ ಮನಸ್ಸು ಅಂತ ನಾನೂ ಸುಮ್ಮನಿದ್ದೆ."

"ನಾನು ಅಲ್ಲಿದ್ದದ್ದು ನಿಮಗೆ ನೆನಪಿದೆಯಾ?"

"ನೆನಪಿಲ್ದೆ ಏನು? ಚೈನು ಬಿದ್ದು ಇಲ್ಲೇ ಕೂತಿದ್ವಿ. ನೀನು ಹಾದುಹೋದೆ. ಬಿಳೀ ಬಟ್ಟೆ ಕಣ್ಣೆದುರಿಗೇ ಬಂತು, ಕೈ ತಾನಾಗಿ ಹೋಯ್ತು. ನಿಮ್ಮಪ್ಪ ಬೈದ್ರು ಅಂತ ಆಮೇಲೆ ಗೊತ್ತಾಯ್ತು. ಕ್ಷಮೆ ಕೇಳೋಣ ಅಂತಾನೇ ಇಸ್ತ್ರಿ ಆಗಿರೋ ಅಂಗೀನೆಲ್ಲ ಮತ್ತೆ ಇಸ್ತ್ರಿಗೆ ತರ್ತಿದ್ದೆ. ಕೇಳೋಕೆ ಧೈರ್ಯ ಬರ್ಲಿಲ್ಲ. ಅಷ್ಟರಲ್ಲಿ ಮದುವೆ ಆಗ್ಹೋಯ್ತು."

ನಾನು ಆ ಅಂಗಿಗಳನ್ನು ಬಲ್ಲೆ. ಇಸ್ತ್ರಿಯ ಗೆರೆ ಮಾಸದ ಅಂಗಿ ತರುವ ಈ ಹುಡುಗನಿಗೆ ತಲೆ ಸರಿಯಿಲ್ಲವೆಂದು ಅಪ್ಪ ಹೇಳುತ್ತಿದ್ದರು. ನನ್ನನ್ನು ನೋಡಲು ಬರುತ್ತಾನೆಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಅಂತೂ ನನ್ನ ಸಂಸಾರಕ್ಕೆ ಬುನಾದಿ ಒಂದು ಮಸಿ ಕೈ. ಇರಲಿ, ಇದ್ದದ್ದು ನೆನಪಿದೆಯಲ್ಲ. ನನಗೆ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಜಯಭೇರಿ ಬಾರಿಸಲು ಹೊರಟೆ.

"ಹಾಗಾದ್ರೆ ನಾನು ನಿಮ್ಮಿಬ್ಬರನ್ನೂ ಹಿಂದೆ ಹಾಕಿದ್ದೂ ನೆನಪಿರ್ಬೇಕು."

ಗೋಡೆಯ ಬುಡದಿಂದ ಭಾವ ಬೆರಳೆತ್ತಿದರು. "ಒಂದು ಪಾಯಿಂಟು ಕಣಮ್ಮ. ಹಿಂದೆ ಹಾಕಿದ್ದು ನಿಜ. ಆದ್ರೆ ನಾವು ಕೂತಿದ್ವಿ."

"ನೀನು ತಳ್ಕೊಂಡು ಹೋಗ್ತಿದ್ದೆ," ಅಂದರು ನಮ್ಮವರು, ಆದಷ್ಟು ಮೆತ್ತಗೆ. "ಈಗ ತಳ್ತಿದೀಯಲ್ಲ, ಹೀಗೇ."

ಇಲ್ಲ ಎಂದು ಬಾಯಿ ತೆರೆದೆ. ಹ್ಯಾಂಡಲ್ ಹಿಡಿದ ನನ್ನ ಕೈ ನೋಡಿಕೊಂಡೆ. ಅಪ್ಪನ ದನಿ ಕೇಳಿಸಿತು: ತಿರುವು ಬಂದ ಮೇಲೆ ಸೈಕಲ್ಲಿನಿಂದ ಇಳಿದು ತಳ್ಳು, ಗಂಟು ಜಾರಿದರೆ ಮಣ್ಣಾಗುತ್ತದೆ. ದಿನವೂ ಹೊರಡುವಾಗ ಹೇಳುತ್ತಿದ್ದರು. ದಿನವೂ ಇಳಿದು ತಳ್ಳುತ್ತಿದ್ದೆ. ಕಿವಿಯಲ್ಲಿ ಗಾಳಿ ಗುಂಯ್‌ಗುಟ್ಟಿದ್ದು ಗಂಟು ಇಳಿಸಿ ವಾಪಸು ಬರುವ ಇಳಿಜಾರಿನಲ್ಲಿ. ಅದನ್ನು ಯಾವಾಗ ಕಿತ್ತು ತಂದು ಈ ಏರಿಗೆ ಅಂಟಿಸಿದೆನೋ ನನಗೇ ಗೊತ್ತಿಲ್ಲ. ಬ್ಯಾಂಡ್ ಮೇಷ್ಟರ ಮನೆಯ ಸೈಕಲ್ಲನ್ನು ತಮ್ಮದೆನ್ನುವ ಗಂಡನನ್ನು ಆಡಿಕೊಂಡಿದ್ದವಳು ನಾನು.

ಆಮೇಲೆ ಭಾವ ಉಳಿದದ್ದನ್ನು ಹೇಳಿದರು. ನಡೆದುಕೊಂಡು ಹೋಗುವ ಹುಡುಗಿ ರೇಸಿಂಗ್ ಸೈಕಲ್ಲಿನವರನ್ನು ಹಿಂದೆ ಹಾಕಿದಳೆಂದು ಶಾಲೆಯಲ್ಲಿ ಗೊತ್ತಾದರೆ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಆದ್ದರಿಂದ ಈ ಗೋಡೆಯ ಬುಡದಲ್ಲೇ ಇಬ್ಬರೂ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದರಂತೆ: ಯಾರೇ ಕೇಳಲಿ, ರಸ್ತೆ ಖಾಲಿ ಇತ್ತು. ಚೈನಿನ ಮಾತೂ ಎತ್ತುವ ಹಾಗಿಲ್ಲ, ಇಬ್ಬರೂ ತುದಿಯವರೆಗೆ ಓಡಿಸಿದೆವು ಅನ್ನಬೇಕು. ಎಲ್ಲ ಪಕ್ಕಾ ಮಾಡಿಕೊಂಡು ಮನೆಗೆ ಹೋದರು.

"ಗೆದ್ದಿದ್ದು ಯಾರು ಅಂತ ಮಾತಾಡ್ಕೊಳ್ಳೋದು ಮರ್ತೇ ಹೋಯ್ತು," ಅಂದರು ಭಾವ. "ಮನೇಲಿ ಕೇಳಿದ್ರು. ನಾನು ನಾನೇ ಅಂದೆ. ಇವನೂ ನಾನೇ ಅಂದ. ಹೇಳ್ತಾ ಹೇಳ್ತಾ ನನಗೆ ನಂಬಿಕೇನೂ ಬಂದ್ಬಿಟ್ಟಿತ್ತು."

ಇವರಿಬ್ಬರೂ ಕೂತ ರೇಸಿನಲ್ಲಿ ನಡೆದು ಗೆದ್ದವಳು ನಾನು. ಮೂವರಲ್ಲಿ ಒಬ್ಬರೂ ಸೈಕಲ್ಲಿನ ಮೇಲೆ ಇರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ನಾಚಿಕೆಯ ಮಾತು, ಆದರೂ ಒಳಗೆ ಸಂತೋಷವಾಗಿತ್ತು. ನಾನು ಕಣ್ಣಿಗೇ ಬೀಳದವಳು ಎಂದು ಕೊರಗುತ್ತಿದ್ದೆ. ನನ್ನನ್ನು ಮುಚ್ಚಿಡಲು ಇಬ್ಬರು ಗಂಡಸರು ಆಯುಸ್ಸಿಡೀ ಬೆವರು ಸುರಿಸಿದ್ದರು.

ಸಂದಿಗೆ ಸಿಕ್ಕ ಚೈನನ್ನು ಅವರ ದಪ್ಪ ಬೆರಳಿಂದ ಎಳೆಯಲಾಗಲಿಲ್ಲ. ನಾನೇ ಕೂತು ಎರಡನ್ನೂ ಬಿಡಿಸಿ ಹಲ್ಲಿಗೆ ಕೂರಿಸಿಕೊಟ್ಟೆ. ಮತ್ತೆ ಹತ್ತಿ ಓಡಿಸಲು ಇಬ್ಬರ ಮಂಡಿಯೂ ಒಪ್ಪಲಿಲ್ಲ. ಮೂವರೂ ತಳ್ಳಿಕೊಂಡು ಹೊರಟೆವು. ಅವರ ಸೈಕಲ್ಲುಗಳು ಭಾರ, ನನ್ನದು ಹಗುರ. ನಾನು ಮುಂದಾದೆ.

ತುದಿಯಲ್ಲಿ ಮಗಳು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದಳು. ನನ್ನನ್ನು ಕಂಡು ಸೀಟಿ ತೆಗೆದಳು.

"ಅಮ್ಮ, ನೀನು ಲೆಕ್ಕಕ್ಕಿಲ್ಲ. ಸ್ವಲ್ಪ ಪಕ್ಕಕ್ಕೆ ಬಾ, ಅಪ್ಪ ಬರೋದು ಕಾಣ್ತಿಲ್ಲ."

ಪಕ್ಕಕ್ಕೆ ಬಂದೆ. ಹಿಂದೆ ನಮ್ಮವರು, ಭಾವ, ಅಕ್ಕಪಕ್ಕ ನಡೆದು ಬಂದು ಒಂದೇ ಸಲ ಗೆರೆ ದಾಟಿದರು. ಸೀಟಿ ಯಾವಾಗ ಊದಬೇಕೆಂದು ತಿಳಿಯದೆ ಮಗಳು ಊದಲೇ ಇಲ್ಲ. ಸೈಕಲ್ಲು ಯಾಕೆ ತಳ್ಳಿಕೊಂಡು ಬಂದಿರಿ ಎಂದು ಕೇಳಿದಳು. ಇಬ್ಬರೂ ಏದುಸಿರು ಬಿಡುತ್ತಾ ನೀರಿನ ಟ್ಯಾಂಕನ್ನು ನೋಡತೊಡಗಿದರು. ಕೋರ್ಟಿನಲ್ಲಿ ಬಾಯಿ ಮುಚ್ಚದ ಮನುಷ್ಯನಿಗೆ ಒಂದು ಪಾಯಿಂಟೂ ಹೊಳೆಯಲಿಲ್ಲ.

ಅತ್ತೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಇವರ ಮಾತು ಬಿಡು. ನೀನು ಹಿಂದೇನೇ ಇದ್ದೋಳು, ನೀನು ಹೇಳು. ಈಗಿಂದೂ ಹೇಳು, ಆವಾಗಿಂದೂ ಹೇಳು. ನಿಮ್ಮ ಲಾಂಡ್ರಿ ಬಟ್ಟೆ ಇದೇ ರಸ್ತೇಲಿ ತಾನೆ ಹೋಗ್ತಿದ್ದಿದ್ದು? ದಾರೀಲಿ ಬೇರೆ ಯಾರೂ ಇರ್ಲಿಲ್ವಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ವಾರವೆಲ್ಲ ಬಾಯಿಪಾಠ ಮಾಡಿದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ನಮ್ಮವರು ಟ್ಯಾಂಕಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಭಾವನೂ ನೋಡಿದರು. ನಾನು ಟವೆಲ್ಲನ್ನು ಮಸಿ ಒಳಗಾಗುವ ಹಾಗೆ ಮಡಿಸಿ ಬುಟ್ಟಿಯ ತಳಕ್ಕೆ ತುರುಕಿದೆ.

"ಇಲ್ಲ ಅತ್ತೆ," ಅಂದೆ. "ರಸ್ತೆ ಖಾಲಿ ಇತ್ತು."

ಅತ್ತೆ ಕನ್ನಡಕ ಸರಿ ಮಾಡಿಕೊಂಡು ಮೊದಲು ಮಗನ ಕೈ ನೋಡಿದರು, ಆಮೇಲೆ ಭಾವನ ಕೈ, ಕೊನೆಗೆ ನನ್ನದು.

"ಸರಿ," ಅಂದರು. "ಮೂರು ಜನಾನೂ ಹೋಗಿ ಕೈ ತೊಳ್ಕೊಂಡು ಬನ್ನಿ."